ರಾಣಿಯ ಮುಖದ ಚೂರು

ಎಂಟು ವರ್ಷದಿಂದ ಅವಳು ಚಿತ್ರಗಳನ್ನು ಜೋಡಿಸುತ್ತ ಬಂದಿದ್ದಳು, ಆದರೆ ಒಂದು ಚಿತ್ರವನ್ನಾದರೂ ನೆಟ್ಟಗೆ ನೋಡಿದವಳಲ್ಲ. ಆ ಕಾರ್ಖಾನೆಯ ರೀತಿಯೇ ಹಾಗೆ. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಮೂರು ಕೋಣೆ, ಮೂರು ಮಂದಿ. ಹಳೆಯ ಫೋಟೋಗಳನ್ನು ದೊಡ್ಡದು ಮಾಡಿಸಿ, ತೆಳು ಪ್ಲೈವುಡ್ಡಿಗೆ ಅಂಟಿಸಿ, ಕೂದಲೆಳೆಯಂಥ ಗರಗಸದಲ್ಲಿ ಐನೂರು ಚೂರು ಮಾಡಿ ಡಬ್ಬಿಗೆ ತುಂಬಿ ಕೊಡುವ ಜಾಗ. ಕೊಂಡವರು ಮನೆಗೆ ಒಯ್ದು ಆ ಐನೂರನ್ನೂ ಮತ್ತೆ ಒಂದಕ್ಕೊಂದು ಕೂಡಿಸಿ ಫೋಟೋ ಮಾಡಿಕೊಳ್ಳಬೇಕು. "ಚೆನ್ನಾಗಿರೋದನ್ನ ಒಡೆದುಕೊಟ್ಟು ಶಹಬ್ಬಾಸ್ ಅನ್ನಿಸ್ಕೊಳ್ಳೋರು ಪ್ರಪಂಚದಲ್ಲಿ ನಾವೇ ಇರ್ಬೇಕು" ಎಂದು ಚೂರು ಕೊಯ್ಯುವ ಗರಗಸದಣ್ಣ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ.

ಕೊಯ್ದದ್ದನ್ನು ಡಬ್ಬಿಗೆ ಹಾಕುವ ಮೊದಲು ಯಾವ ಚೂರೂ ಕಳೆದಿಲ್ಲ, ಒಂದಕ್ಕೊಂದು ಸಿಕ್ಕಿಕೊಳ್ಳುವ ಯಾವ ಕೊಕ್ಕೆಯೂ ಮುರಿದಿಲ್ಲ ಎಂದು ಪೂರ್ತಿ ಜೋಡಿಸಿ ನೋಡಬೇಕು. ಅದು ಅವಳ ಕೆಲಸ. ಜೋಡಿಸುವುದು ಮಾತ್ರ ಕವುಚಿ. ಚಿತ್ರ ಕೆಳಗೆ, ಮರ ಮೇಲೆ. ಚಿತ್ರ ಕಂಡರೆ ಕಣ್ಣು ಸುಳ್ಳು ಹೇಳುತ್ತದೆ ಎಂಬುದು ಯಜಮಾನರ ಸಿದ್ಧಾಂತ. "ಕುದುರೆ ಕಂಡ್ರೆ ಕುದುರೆ ನೋಡ್ಕೊಂಡು ಕೂತಿರ್ತೀಯ. ಅಂಚು ಮುರಿದದ್ದು ಕಾಣಲ್ಲ" ಎಂದು ಕೆಲಸಕ್ಕೆ ಸೇರಿದ ದಿನವೇ ಹೇಳಿದ್ದರು.

ಹಾಗಾಗಿ ಅವಳಿಗೆ ಗೊತ್ತಿದ್ದದ್ದು ಚಿತ್ರಗಳ ಬೆನ್ನು ಮಾತ್ರ. ಸೇತುವೆಯಾಗಲಿ, ಜಲಪಾತವಾಗಲಿ, ಯಾರದೋ ಮದುವೆಯ ಗುಂಪಾಗಲಿ, ಅವಳ ಪಾಲಿಗೆ ಎಲ್ಲವೂ ನಸುಗಂದು ಮರ, ಅದರ ಮೇಲೆ ಮೋಡ ತೇಲಿಹೋದಂಥ ನಾರಿನ ಗೆರೆ. ಬೆರಳುಗಳು ತಮ್ಮ ಪಾಡಿಗೆ ತಾವು ಓಡಾಡಿಕೊಂಡಿರುತ್ತಿದ್ದವು. ಮನಸ್ಸು ಇನ್ನೆಲ್ಲೋ ಹೋಗಿ ಸಂಜೆಗೆ ತಿರುಗಿ ಬರುತ್ತಿತ್ತು. ಐದು ಗಂಟೆಗೆ ಎದ್ದು ಒಲೆ, ಬಟ್ಟೆ, ಮಗಳ ಜಡೆ, ಮಗಳ ಶಾಲೆ ಎಲ್ಲ ದಾಟಿ ಬರುವವಳಿಗೆ ಅದು ದುಡಿಮೆಯೂ ಹೌದು, ದಣಿವಾರಿಸಿಕೊಳ್ಳುವ ಜಾಗವೂ ಹೌದು.

ಆ ವಾರ ಬಂದ ಫೋಟೋ ಅರವತ್ತು ವರ್ಷ ಹಳೆಯದು. ದೂರದ ದೇಶದ ರಾಣಿಯೊಬ್ಬಳು ಒಮ್ಮೆ ಈ ಊರಿಗೆ ಬಂದಿದ್ದಳಂತೆ. ಬಂದಳು ಎನ್ನುವುದಕ್ಕಿಂತ ಹಾದುಹೋದಳು ಎನ್ನಬೇಕು. ಎಲ್ಲಿಂದಲೋ ಎಲ್ಲಿಗೋ ಹೋಗುವಾಗ ನಡುವೆ ಊರು ಸಿಕ್ಕಿತು, ಅಷ್ಟೇ. ತೆರೆದ ಕಾರು, ಟೋಪಿ ಹಾಕಿದ ರಾಣಿ, ರಸ್ತೆಯ ಎರಡೂ ಬದಿಗೆ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಅಂಚೆ ಕಚೇರಿಯಿಂದ ನಿವೃತ್ತರಾದ ಹಿರಿಯ ಹೆಂಗಸೊಬ್ಬರು ಅದನ್ನು ತಂದುಕೊಟ್ಟು, ಶನಿವಾರ ಸಂಜೆಯೊಳಗೆ ಬೇಕೆಂದು ಹೇಳಿ ಹೋಗಿದ್ದರು. ಕಾರ್ಖಾನೆಯಲ್ಲಿ ಆಗಲೇ ಅವರಿಗೆ ಅಂಚೆಯಮ್ಮ ಎಂದು ಹೆಸರು ಬಿದ್ದಿತ್ತು.

ಅದೇ ವಾರ ಅವಳಿಗೆ ಬೇರೊಂದು ಚಿಂತೆ ಹತ್ತಿಕೊಂಡಿತ್ತು. ಇನ್ನು ಹತ್ತು ದಿನಕ್ಕೆ ಗಂಡ ಬರುವವನಿದ್ದ.

ಗಂಡನಿಗೆ ಸರಕು ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ. ಹತ್ತು ತಿಂಗಳು ನೀರು, ಒಂದು ತಿಂಗಳು ಮನೆ. ಕಳೆದ ಸಲ ಬಂದಾಗ ಮಗಳಿಗೆ ಐದು ತುಂಬಿತ್ತು. ಮಗಳನ್ನು ಮನೆಯಲ್ಲಿ ಕರೆಯುವುದು ಸಾಸಿವೆ ಎಂದು. ಆಕಾರವೂ ಅಷ್ಟೇ, ಸಿಡಿಯುವುದೂ ಹಾಗೇ. ಫೋನಿನ ಗಾಜಿನೊಳಗಿನ ಬೆರಳುದ್ದದ ಅಪ್ಪನ ಜೊತೆ ಪಟಪಟ ಮಾತಾಡುತ್ತಿದ್ದವಳು, ಬಾಗಿಲ ತುಂಬ ನಿಂತ, ಸಾಬೂನು ಮತ್ತು ಎಣ್ಣೆಯ ವಾಸನೆಯ, ಮೀಸೆಯ ಅಪ್ಪನನ್ನು ಕಂಡದ್ದೇ ಕಾಲಿಗೆ ಬುದ್ಧಿ ಹೇಳಿದಳು. ಹೋಗಿ ಸೇರಿಕೊಂಡದ್ದು ಮಂಚದ ಕೆಳಗೆ. ಅವನು ಮನೆಯಲ್ಲಿರುವಷ್ಟು ಹೊತ್ತೂ ಅಲ್ಲೇ. ಊಟ ಅಲ್ಲಿಗೇ ಹೋಗಬೇಕು, ಬಣ್ಣದ ಪೆನ್ಸಿಲ್ಲು ಅಲ್ಲಿಗೇ ಹೋಗಬೇಕು. ಅವನು ಮಂಚದ ಪಕ್ಕ ನೆಲದ ಮೇಲೆ ಕೂತು ಪೇಪರ್ ಓದಿದ, ಚಹಾ ಕುಡಿದ, ತಿಮಿಂಗಿಲದ ಕತೆ ಹೇಳಿದ, ಮಂಚದ ಕಾಲಿಗೇ ಹೇಳಿದಂತೆ. ಇಪ್ಪತ್ತೇಳನೆಯ ದಿನ ಒಂದು ಪುಟ್ಟ ಕೈ ಹೊರಗೆ ಬಂದು ಅವನ ಕಾಲಿನ ಹೆಬ್ಬೆರಳನ್ನು ಹಿಡಿದುಕೊಂಡಿತು. ಅದಾಗಿ ಮೂರು ದಿನಕ್ಕೆ ಅವನು ಹೊರಡಬೇಕಾಯಿತು. ರೈಲು ನಿಲ್ದಾಣದಲ್ಲಿ ಅವನು ಅತ್ತದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ.

"ಈ ಸಲ ನನ್ನ ಹಾಸಿಗೆನೂ ಮಂಚದ ಕೆಳಗೇ ಹಾಕಿಬಿಡು" ಎಂದು ಮೊನ್ನೆ ಫೋನಿನಲ್ಲಿ ನಕ್ಕಿದ್ದ. ನಗು ಎಲ್ಲಿ ಮುಗಿದು ಎಲ್ಲಿ ಸಂಕಟ ಶುರುವಾಯಿತು ಎಂಬುದು ಅವಳಿಗೆ ಕೇಳಿಸಿತ್ತು.

ಅವಳಿಗೆ ಕಣ್ಣಿಗಿಂತ ಬೆರಳಿನ ಮೇಲೆ ನಂಬಿಕೆ. ಬೆರಳು ಒಮ್ಮೆ ಪರಿಚಯ ಮಾಡಿಕೊಂಡರೆ ಮುಗಿಯಿತು. ದಿನಾ ಒಂದು ಸಲ ಸಾಸಿವೆ ತನ್ನ ಕೈಯಾರೆ ಅಪ್ಪನನ್ನು ಜೋಡಿಸಲಿ. ಹೆಗಲು ಹುಡುಕಲಿ, ಕಿವಿ ಹುಡುಕಲಿ, ಮುಖ ಎತ್ತಿ ಅದರ ಜಾಗದಲ್ಲಿ ಕೂರಿಸಲಿ. ಹತ್ತು ದಿನ ಹೀಗೆ ಮಾಡಿದರೆ ಬಾಗಿಲಿಗೆ ಬಂದವನು ಅಪರಿಚಿತ ಹೇಗಾದಾನು? ಹೀಗೆ ಯೋಚಿಸಿಯೇ ಅವಳು ಫೋಟೋ ಒಂದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗರಗಸದಣ್ಣನ ಮುಂದೆ ನಿಂತದ್ದು.

"ಅಣ್ಣಾ, ರಾಣಿ ಹಲಗೆ ಅಡಿಗೆ ಇನ್ನೊಂದು ಹಲಗೆ ಇಟ್ಟು ಒಟ್ಟಿಗೇ ಕೊಯ್ಯೋಕಾಗುತ್ತಾ?"

ಅವನು ಕನ್ನಡಕವನ್ನು ಹಣೆಗೇರಿಸಿ ಫೋಟೋ ನೋಡಿದ. ಮನೆಯ ಮೆಟ್ಟಿಲ ಮೇಲೆ ಅಂಗಿಯ ತೋಳು ಮಡಚಿಕೊಂಡು ಕೂತು, ಯಾವುದಕ್ಕೋ ನಗುತ್ತಿರುವ ಗಂಡಸು.

"ಓ, ಇವರೇನಾ? ಬರೀ ಮಾತಿಗೆ ಇದಾರೆ ಅಂದ್ಕೊಂಡಿದ್ದೆ."

"ಇದಾರೆ. ನೀರಲ್ಲಿದಾರೆ."

"ಕೊಯ್ಯೋಣ, ಅದಕ್ಕೇನು. ಆದ್ರೆ ಮುಖದ ಮೇಲೆ ಗರಗಸ ಆಡಿಸಲ್ಲ ನಾನು, ಗೊತ್ತಲ್ಲ. ರಾಣಿ ಮುಖಾನ ಸುತ್ತು ಹಾಕ್ಕೊಂಡು ಹೋಗ್ತೀನಿ, ಒಂದೇ ಚೂರಲ್ಲಿ ಇಡೀ ಮುಖ. ನಿನ್ನ ಗಂಡನ ಮುಖ ಸರಿಯಾಗಿ ಅದರ ಅಡಿಗೇ ಬರ್ಬೇಕು. ಇಲ್ದಿದ್ರೆ ಮೂಗು ಒಂದು ಕಡೆ, ಮೀಸೆ ಒಂದು ಕಡೆ. ಆಮೇಲೆ ನನ್ನ ಬೈಬೇಡ."

ಅವಳು ಸ್ಟುಡಿಯೋಗೆ ಹೋಗಿ, ಅಳತೆ ಕೊಟ್ಟು, ಗಂಡನ ಮುಖವೂ ರಾಣಿಯ ಮುಖದಷ್ಟೇ, ಬೆಂಕಿಪೊಟ್ಟಣದ ಗಾತ್ರಕ್ಕೆ, ಅದೇ ಜಾಗಕ್ಕೆ ಬರುವಂತೆ ಕಪ್ಪು ಬಿಳುಪಿನಲ್ಲಿ ಮಾಡಿಸಿ ತಂದಳು. ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಕಿಟಕಿಗೆ ಹಿಡಿದಾಗ ಬೆಳಕಿನಲ್ಲಿ ಒಂದು ಕ್ಷಣ ಟೋಪಿಯ ಕೆಳಗೆ ಮೀಸೆ ಮೂಡಿ ಮಾಯವಾಯಿತು.

ಜೋಡಿ ಹಲಗೆ ಕೊಯ್ಯುವಾಗ ಒಂದರ ಬೆನ್ನಿಗೆ ತೆಳ್ಳಗೆ ನೀಲಿ ಬಳಿಯುವುದು ಅಲ್ಲಿನ ರೂಢಿ. ಚೂರುಗಳೆಲ್ಲ ಅವಳಿಜವಳಿ, ಬಣ್ಣವಿಲ್ಲದಿದ್ದರೆ ಯಾರ ಮಕ್ಕಳು ಯಾವುವು ಎಂದು ಹೇಳುವುದು ಕಷ್ಟ. "ಬಣ್ಣ ಒಣಗೋಕೆ ಅರ್ಧ ದಿನ ಬೇಕು. ಯಜಮಾನ್ರು ಊಟ ಮುಗಿಸಿ ಬರೋದ್ರೊಳಗೆ ಇದು ಮುಗೀಬೇಕು" ಎಂದ ಗರಗಸದಣ್ಣ. "ಎರಡು ಟ್ರೇಲಿ ಬೇರೆ ಬೇರೆ ಹಾಕ್ತೀನಿ. ನೀನು ಎಚ್ಚರವಾಗಿದ್ರೆ ಸಾಕು."

ಎಚ್ಚರವಾಗಿರುವುದೊಂದು ಬಿಟ್ಟು ಇನ್ನೇನು ಹೇಳಿದ್ದರೂ ಅವಳು ಮಾಡಿಬಿಡುತ್ತಿದ್ದಳು.

ಶನಿವಾರ ಮಧ್ಯಾಹ್ನ. ಎಡಗಡೆ ರಾಣಿಯ ಟ್ರೇ, ಬಲಗಡೆ ಗಂಡನ ಟ್ರೇ. ಒಂದೇ ಆಕಾರದ ಚೂರುಗಳಾದ್ದರಿಂದ ಎರಡೂ ಕೈಯಲ್ಲಿ ಎರಡನ್ನೂ ಒಟ್ಟಿಗೇ ಜೋಡಿಸುತ್ತ ಹೋದಳು. ಫ್ಯಾನು ತಿರುಗಿದ್ದೂ ತಿರುಗಿದ್ದೇ. ಮರದ ಪುಡಿ ಬಿಸಿಲಕೋಲಿನಲ್ಲಿ ಕೆಳಗೆ ಬೀಳಲು ಮನಸ್ಸಿಲ್ಲದೆ ತೇಲುತ್ತಿತ್ತು. ನಡುವಿನ ಒಂದೇ ಒಂದು ಚೂರಿನ ಜಾಗ ಎರಡರಲ್ಲೂ ಖಾಲಿ ಉಳಿದಿದ್ದಾಗ ರೆಪ್ಪೆಯ ಮೇಲೆ ಯಾರೋ ಬೆರಳಿಟ್ಟಂತಾಯಿತು.

ಅವಳು ಒಂದು ಬೀದಿಯಲ್ಲಿ ನಡೆಯುತ್ತಿದ್ದಳು. ಎರಡೂ ಬದಿಗೆ ಜನವೋ ಜನ, ಆದರೆ ಎಲ್ಲರದೂ ಬೆನ್ನೇ. ನಸುಗಂದು ಬೆನ್ನುಗಳು, ಅವುಗಳ ಮೇಲೆ ಮೆಲ್ಲಗೆ ಹರಿಯುವ ನಾರಿನ ಗೆರೆಗಳು. ಯಾರೂ ಮಾತಾಡುತ್ತಿರಲಿಲ್ಲ. ದೂರದಲ್ಲಿ ಕಾರೊಂದು ಬರುತ್ತಿದೆ ಎಂಬುದು ಎಲ್ಲರಿಗೂ ಗೊತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಬೆನ್ನುಗಳ ನಡುವೆ ಒಂದು ಪುಟ್ಟ ಬೆನ್ನು. ಜಡೆ ನೋಡಿದರೇ ಗೊತ್ತಾಗುತ್ತಿತ್ತು ಯಾರೆಂದು. 'ಅವರು ಬಂದ್ರು, ನೋಡು' ಎಂದು ಹೇಳಬೇಕು, ಆದರೆ ಬಾಯಿದ್ದ ಜಾಗದಲ್ಲಿ ಒಂದು ಚೂರು ಇನ್ನೂ ಹಾಕಿರಲಿಲ್ಲ. ಸಾಬೂನು ಮತ್ತು ಎಣ್ಣೆಯ ವಾಸನೆಯ ಗಾಳಿಯೊಂದು ಬೀದಿಯುದ್ದಕ್ಕೂ ಹಾದುಹೋಯಿತು. ಗದ್ದೆಯ ತೆನೆ ಬಾಗಿದಂತೆ ಬೆನ್ನುಗಳೆಲ್ಲ ಒಮ್ಮೆ ಬಾಗಿ ನೆಟ್ಟಗಾದವು. ಪುಟ್ಟ ಬೆನ್ನು ತಿರುಗಿತೋ ಇಲ್ಲವೋ ತಿಳಿಯುವ ಮೊದಲೇ ಪಕ್ಕದ ಕೋಣೆಯಲ್ಲಿ ಗರಗಸ ನಿಂತಿತು. ಕಣ್ಣು ಬಿಟ್ಟಳು.

ಎರಡೂ ಕೈಯಲ್ಲಿ ಒಂದೊಂದು ಚೂರಿತ್ತು. ಎಡಗೈಯದನ್ನು ಎಡಕ್ಕೆ, ಬಲಗೈಯದನ್ನು ಬಲಕ್ಕೆ ಒತ್ತಿದಳು. ಟಕ್, ಟಕ್. ಬೆಣ್ಣೆಯಲ್ಲಿ ಬೆರಳು ಇಳಿದಂತೆ ಕೂತವು. ಐನೂರಕ್ಕೆ ಐನೂರು. ಒಡೆದು, ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಕಾಗದದ ಪಟ್ಟಿ ಅಂಟಿಸಿದಳು. ಮನೆಗೆ ಹೋಗುವ ದಾರಿಯಲ್ಲಿ ಕೊಟ್ಟುಹೋಗುತ್ತೇನೆಂದು ಗರಗಸದಣ್ಣ ರಾಣಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟ. ಗಂಡನನ್ನು ಅವಳು ತರಕಾರಿ ಚೀಲದಲ್ಲಿ ಹಾಕಿಕೊಂಡಳು.

ಭಾನುವಾರ ಬೆಳಗ್ಗೆ ಸಾಸಿವೆ ನಡುಮನೆಯ ನೆಲದ ಮೇಲೆ ಹೊಟ್ಟೆಯಡಿ ಮಾಡಿ ಮಲಗಿ ಜೋಡಿಸತೊಡಗಿದಳು. ಅಂಚು ಕಟ್ಟುವುದು, ನೇರ ಬದಿಯ ಚೂರು ಆರಿಸುವುದು ಎಲ್ಲ ಅಮ್ಮನಿಂದ ಬಂದ ಕಲೆ. ಅಮ್ಮನೂ ನಡುನಡುವೆ ಬಂದು ಕೈ ಹಾಕಿದಳು. ಮೆಟ್ಟಿಲು ಬಂತು, ಚಪ್ಪಲಿ ಬಂತು, ಮಂಡಿ ಬಂತು. "ಅಪ್ಪನ ಅಂಗಿ ಗುಂಡಿ ಒಂದು ಕಿತ್ತುಹೋಗಿದೆ" ಎಂದು ಸುದ್ದಿ ಬಂತು. ಅವಳು ಒಳಗೆ ಹಾಲು ಕಾಯಿಸುತ್ತ, ಈರುಳ್ಳಿ ಹೆಚ್ಚುತ್ತ, ಕಿವಿಯನ್ನೆಲ್ಲ ನಡುಮನೆಯಲ್ಲೇ ಇಟ್ಟಿದ್ದಳು.

"ಅಮ್ಮಾ, ಅಪ್ಪ ಮೀಸೆ ತೆಗೆಸಿದಾರಾ?"

"ಇಲ್ವಲ್ಲೇ."

"ತೆಗೆಸಿ ಓಲೆ ಹಾಕ್ಕೊಂಡಿದಾರೆ."

ಅವಳು ಹೊರಗೆ ಬಂದು ನೋಡಿದಳು. ತೋಳು ಮಡಚಿದ ಅಂಗಿ, ಅದರ ಮೇಲೆ ಅವಳಿಗೆ ಚಿರಪರಿಚಿತವಾದ ಕತ್ತು, ಕತ್ತಿನ ಮೇಲೆ ಮುತ್ತಿನ ಓಲೆಯ, ತುಟಿ ಮುಚ್ಚಿ ಮುಗುಳ್ನಗುವ ಒಬ್ಬ ರಾಣಿ. ಸಾಸಿವೆ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿ ನಗುತ್ತಿದ್ದಳು. "ಹಿಂಗೇ ಬರ್ಲಿ ಅಮ್ಮಾ, ಅಪ್ಪ ಹಿಂಗೇ ಬರ್ಲಿ. ಹೆದರಿಕೆನೇ ಆಗಲ್ಲ."

ಆ ಮಾತು ಅವಳಿಗೆ ಚುಚ್ಚಿದಷ್ಟು ಇನ್ಯಾವುದೂ ಚುಚ್ಚಲಿಲ್ಲ. ಕೆಲಸ ಹೋದೀತೆಂಬ ಭಯ ಆಮೇಲೆ ಬಂತು. ಮಗಳಿಗೆ ಪರಿಚಯವಾಗಬೇಕಿದ್ದ ಮುಖವೊಂದೇ ಬೇರೆಯವರ ಮನೆ ಸೇರಿತ್ತು. ಗರಗಸದಣ್ಣನಿಗೆ ಫೋನು ಮಾಡಿದಳು. ಅವನು ಎಲ್ಲ ಕೇಳಿಸಿಕೊಂಡು, "ಅಂದ್ರೆ ಹಡಗಿಂದ ಇಳಿಯೋ ಮುಂಚೆನೇ ಕಾರು ಹತ್ತಿಬಿಟ್ಟಿದಾರೆ" ಎಂದ. ಆಮೇಲೆ ವಿಳಾಸ ಹೇಳಿದ.

ಎರಡು ಬೀದಿ ಆಚೆ, ಔಷಧಿ ಅಂಗಡಿಯ ಮೇಲಿನ ಮಹಡಿ. ಒಂದು ಕೈಯಲ್ಲಿ ಸಾಸಿವೆ, ಇನ್ನೊಂದು ಕೈಯ ಮುಷ್ಟಿಯಲ್ಲಿ ರಾಣಿ. ಮೆಟ್ಟಿಲು ಹತ್ತುವಾಗ ಹೇಳಬೇಕಾದ ಮಾತನ್ನೆಲ್ಲ ಸಾಲಾಗಿ ಜೋಡಿಸಿಕೊಂಡಿದ್ದಳು. ಬಾಗಿಲು ತೆರೆದುಕೊಂಡಿತು. ಅಂಚೆಯಮ್ಮ ಅವಳ ಮುಖ ನೋಡಿದರು, ಮುಷ್ಟಿ ನೋಡಿದರು.

"ನೀವೇನಾ ಅವರ ಮನೆಯವರು? ಬನ್ನಿ. ಅವರು ಒಳಗಡೆ ಇದಾರೆ."

ಊಟದ ಮೇಜಿನ ತುಂಬ ಫೋಟೋ ಹರಡಿತ್ತು. ಅಂಚೆಯಮ್ಮ ಕಾರು ಮತ್ತು ಜನರನ್ನು ಮಾತ್ರ ಜೋಡಿಸಿ ಮುಗಿಸಿದ್ದರು. ಆಕಾಶ ಇನ್ನೂ ಡಬ್ಬಿಯಲ್ಲೇ ಇತ್ತು. ಟೋಪಿಯ ಕೆಳಗೆ, ಮುತ್ತಿನ ಸರದ ಮೇಲೆ, ಮೀಸೆಯಡಿಯಲ್ಲಿ ಹಲ್ಲು ಬಿಟ್ಟು ನಗುತ್ತ ಅವಳ ಗಂಡ ತೆರೆದ ಕಾರಿನಲ್ಲಿ ಬರುತ್ತಿದ್ದ. ಊರಿಗೆ ಊರೇ ಅವನತ್ತ ಕೈ ಬೀಸುತ್ತಿತ್ತು. ಎಂಟು ವರ್ಷದಲ್ಲಿ ಅವಳು ಕಣ್ತುಂಬ ನೋಡಿದ ಮೊದಲ ಚಿತ್ರ ಅದು. ಕ್ಷಮೆ ಕೇಳಲು ಬಂದವಳು ಕೇಳುವುದನ್ನೇ ಮರೆತು ನಿಂತಳು.

"ತಪ್ಪಾಯ್ತು ಅಮ್ಮ. ನಿದ್ದೆಗಣ್ಣಲ್ಲಿ ಕೈ ಅದಲುಬದಲಾಯ್ತು" ಎಂದಳು ಕೊನೆಗೆ.

"ಆಗ್ಲಿ ಬಿಡಿ. ಆ ಯಮ್ಮ ಬಾಯಿ ಮುಚ್ಕೊಂಡು ನಗ್ತಿದ್ಲು. ಇವರು ಬಾಯ್ತುಂಬ ನಗ್ತಿದಾರೆ. ಬೆಳಗ್ಗೆಯಿಂದ ನನಗೂ ನಗೋದೇ ಆಗಿದೆ." ಅಂಚೆಯಮ್ಮ ಸಾಸಿವೆಗೆ ಕುರ್ಚಿ ಎಳೆದುಕೊಟ್ಟರು. "ಹತ್ತು ಮರಿ, ನೋಡು. ಇದರಲ್ಲಿ ನಾನೂ ಇದೀನಿ."

ಸಾಸಿವೆ ಕುರ್ಚಿಯ ಮೇಲೆ ನಿಂತು ಹುಡುಕಿದಳು. "ಎಲ್ಲಿ?"

"ಇಲ್ಲಿ." ಬಲಬದಿಯಲ್ಲಿ ದಪ್ಪ ಹೆಂಗಸೊಬ್ಬಳ ಹಿಂದಿನಿಂದ ಒಂದು ಮೊಣಕೈ ಹೊರಗೆ ಇಣುಕುತ್ತಿತ್ತು. "ಇದು ನಾನು."

"ಇದು ಬರೀ ಮೊಣಕೈ."

"ಅದನ್ನೇ ನಮ್ಮನೆಯವರೆಲ್ಲ ಅರವತ್ತು ವರ್ಷದಿಂದ ಹೇಳ್ತಿದಾರೆ. ಎಂಟು ದಿನ ಶಾಲೆಲಿ ನಮಗೆ ಪಾಠ ಇಲ್ಲ, ಬರೀ ಕೈ ಬೀಸೋದು ಹೇಳ್ಕೊಟ್ರು. ಮೇಷ್ಟ್ರೇ ರಾಣಿಯಾಗಿ ಸೈಕಲ್ ಮೇಲೆ ಬರೋರು. ನಾನೇ ಎಲ್ಲರಿಗಿಂತ ಚೆನ್ನಾಗಿ ಬೀಸ್ತಿದ್ದೆ. ಅವತ್ತು ಕಾರು ಬಂತಲ್ಲ, ಹತ್ತಿರ ಬರ್ತಾ ಬರ್ತಾ ಅದೇನಾಯ್ತೋ, ಈ ಯಮ್ಮನ ಹಿಂದೆ ಬಚ್ಚಿಟ್ಕೊಂಡೆ. ಆಚೆ ಬರೋದ್ರಲ್ಲಿ ಕಾರೂ ಇಲ್ಲ, ರಾಣಿನೂ ಇಲ್ಲ. ಧೂಳು ಇತ್ತು."

ಸಾಸಿವೆ ಆ ಮೊಣಕೈಯನ್ನೇ ನೋಡಿದಳು. ತುಂಬ ಹೊತ್ತು ನೋಡಿದಳು.

"ಅಲ್ಲಿ ಮಂಚ ಇರ್ಲಿಲ್ವಾ?"

"ಬೀದೀಲಿ ಮಂಚ ಯಾರು ಹಾಕ್ತಾರೆ? ಇದ್ದಿದ್ರೆ ಅದರ ಕೆಳಗೇ ಹೋಗ್ತಿದ್ದೆ."

ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಕೊಂಡಂತಿತ್ತು. ಅವಳು ಬಾಗಿಲ ಬಳಿಯೇ ನಿಂತಿದ್ದಳು. ಉಸಿರು ಜೋರಾಗಿ ಬಿಟ್ಟರೆ ಏನೋ ಚದುರಿಹೋದೀತು ಎನ್ನಿಸುತ್ತಿತ್ತು.

"ಇವರೆಲ್ಲ ಅಪ್ಪಂಗೆ ಟಾಟಾ ಮಾಡ್ತಿದಾರಾ?"

"ಟಾಟಾ ಹೋಗೋರಿಗೆ ಮಾಡೋದು. ಇದು ಬರೋರಿಗೆ. ನೋಡು, ಅಂಗೈ ಆಚೆ ಅಲ್ಲ, ಈಚೆ. ಗಾಳಿನ ನಮ್ಮ ಕಡೆ ಕರ್ಕೊಳ್ಳೋ ಹಾಗೆ."

ಸಾಸಿವೆ ಅಂಗೈಯನ್ನು ತನ್ನ ಕಡೆ ತಿರುಗಿಸಿ ಗಾಳಿಯನ್ನು ಕರೆದುಕೊಂಡಳು. "ಭುಜ ಅಲ್ಲಾಡಿಸ್ಬಾರದು" ಎಂದರು ಅಂಚೆಯಮ್ಮ. ಸಾಸಿವೆ ಭುಜ ನಿಲ್ಲಿಸಿದಳು.

ಹೊರಡುವ ಹೊತ್ತಿಗೆ ಅವಳು ಮುಷ್ಟಿ ಬಿಚ್ಚಿ ರಾಣಿಯನ್ನು ಮೇಜಿನ ಮೇಲಿಟ್ಟು, ಗಂಡನ ಮುಖ ಎತ್ತಿಕೊಳ್ಳಲು ಕೈ ಚಾಚಿದಳು. ಸಾಸಿವೆ ಆ ಕೈಯನ್ನು ಹಿಡಿದುಕೊಂಡಳು.

"ಬೇಡ. ಅಪ್ಪ ಕಾರಲ್ಲೇ ಬರ್ಲಿ. ಅರ್ಧ ದಾರೀಲಿ ಇಳಿಸ್ಬೇಡ."

ಅವಳು ಅಂಚೆಯಮ್ಮನ ಕಡೆ ನೋಡಿದಳು. "ರಾಣಿಗೇನು ಅವಸರ?" ಎಂದರು ಅವರು. "ನಿಮ್ಮ ಮೆಟ್ಟಿಲ ಮೇಲೆ ನಾಲ್ಕು ದಿನ ಕೂತಿರ್ಲಿ. ನಾನು ಆಕಾಶ ನಿಧಾನಕ್ಕೆ ಜೋಡಿಸ್ತೀನಿ. ಸಂಜೆ ಮಗೂನ ಕಳ್ಸಿ, ಮೋಡ ಹುಡುಕೋಕೆ ನನ್ನ ಕಣ್ಣು ಸಾಲಲ್ಲ."

ಅವತ್ತಿನಿಂದ ಶಾಲೆ ಬಿಟ್ಟು ಅಮ್ಮ ಕೆಲಸದಿಂದ ಬರುವ ತನಕ ಸಾಸಿವೆ ಔಷಧಿ ಅಂಗಡಿಯ ಮಹಡಿಯಲ್ಲಿರುತ್ತಿದ್ದಳು. ಅವಳು ಕರೆದೊಯ್ಯಲು ಬಂದಾಗ ಒಮ್ಮೆ ಮೋಡ ಹುಡುಕುತ್ತಿದ್ದರು, ಒಮ್ಮೆ ಅಂಚೆಯಮ್ಮ ಚಕ್ರದ ಕುರ್ಚಿಯೊಂದನ್ನು ಕಾರಿನಂತೆ ತಳ್ಳಿಕೊಂಡು ಪಡಸಾಲೆಯಲ್ಲಿ ಹಾದುಹೋಗುತ್ತಿದ್ದರು, ಸಾಸಿವೆ ಗೋಡೆಗೆ ನಿಂತು ಕೈ ಬೀಸುತ್ತಿದ್ದಳು. ಮೂರನೆಯ ದಿನ ಕುರ್ಚಿ ಹತ್ತಿರ ಬಂದದ್ದೇ ಪರದೆಯ ಹಿಂದೆ ಓಡಿದಳು. ಅಂಚೆಯಮ್ಮ ಬೈಯಲಿಲ್ಲ. "ನನ್ನ ಜಾಗಕ್ಕೆ ಬಂದ್ಲು" ಎಂದು ಕುರ್ಚಿಯನ್ನು ಮತ್ತೆ ಹಿಂದಕ್ಕೆ ಒಯ್ದರು. ಮನೆಯಲ್ಲಿ ಅವಳು ಕಸ ಗುಡಿಸುವಾಗ, ಮೆಟ್ಟಿಲ ಮೇಲೆ ಕೂತ ರಾಣಿ ಅವಳನ್ನೇ ನೋಡುತ್ತಿದ್ದಳು, ತುಟಿ ಮುಚ್ಚಿಕೊಂಡು, ಏನೋ ಗೊತ್ತಿದ್ದವಳಂತೆ. ಬೆರಳಿಗೆ ಕಲಿಸುವ ಅವಳ ಉಪಾಯವಂತೂ ಗಾಳಿಗೆ ಹೋಗಿತ್ತು. ಅದರ ಬದಲು ಬಂದಿರುವುದು ಏನೆಂದು ಅವಳಿಗೂ ಗೊತ್ತಿರಲಿಲ್ಲ. ಒಲೆಯ ಮುಂದೆ ನಿಂತು ಕೆಲವೊಮ್ಮೆ ಮಂಚದ ಕೆಳಗೆ ಚಾಪೆ ಹಾಸಿಡುವುದೇ ಮೇಲೇನೋ ಎಂದು ಯೋಚಿಸುತ್ತಿದ್ದಳು.

ಅವನು ಬಂದದ್ದು ಮುಂದಿನ ವಾರದ ಮಂಗಳವಾರ ಬೆಳಗ್ಗೆ. ಓಣಿ ಇಕ್ಕಟ್ಟು, ಬಾಡಿಗೆ ಕಾರು ತಿರುವಿನಲ್ಲೇ ನಿಂತುಬಿಡುತ್ತದೆ. ಕಾರಿನ ಬಾಗಿಲು ಹಾಕಿದ ಸದ್ದು ಕೇಳಿ ಅವಳು ಕೈ ಒರೆಸಿಕೊಳ್ಳುತ್ತ ನಡುಮನೆಗೆ ಬಂದಳು. ಸಾಸಿವೆ ಇರಲಿಲ್ಲ. ಬಣ್ಣದ ಪೆನ್ಸಿಲ್ಲುಗಳು ನೆಲದ ಮೇಲೆ ಬಿದ್ದಿದ್ದವು. ಬಚ್ಚಲಲ್ಲಿ ಇಲ್ಲ, ಹಿತ್ತಲಲ್ಲಿ ಇಲ್ಲ. ಕೋಣೆಗೆ ಹೋಗಿ, ಮಂಡಿಯೂರಿ, ಮಂಚದ ಕೆಳಗೆ ಬಗ್ಗಿ ನೋಡಿದಳು. ಹಳೆಯ ಚಪ್ಪಲಿ, ಧೂಳು, ಒಂದು ಕಾಲುಚೀಲ. ಅಷ್ಟೇ.

ಓಡಿ ಮುಂಬಾಗಿಲಿಗೆ ಬಂದಳು.

ಓಣಿಯ ಅಂಚಿನಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಹಿಮ್ಮಡಿ ಕೂಡಿಸಿ ಸಾಸಿವೆ ನಿಂತಿದ್ದಳು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಬಲಗೈ ಮಾತ್ರ ಮೇಲೆದ್ದು, ಭುಜ ಅಲ್ಲಾಡದಂತೆ, ಅಂಗೈ ಈಚೆಗೆ ಮಾಡಿಕೊಂಡು, ಗಾಳಿಯನ್ನು ತನ್ನ ಕಡೆಗೆ ಕರೆಯುತ್ತಿತ್ತು, ಮತ್ತೆ ಮತ್ತೆ, ಒಂದೇ ಸಮನೆ.

ಅವನು ಎರಡು ಕೈಯಲ್ಲಿ ಎರಡು ಚೀಲ ಹಿಡಿದು ಓಣಿಯ ನಡುವೆ ನಿಂತುಬಿಟ್ಟಿದ್ದ. ಇಷ್ಟು ದೊಡ್ಡ ಸ್ವಾಗತ ಯಾರಿಗೆಂದು ತಿಳಿಯದೆ ಮೆಲ್ಲಗೆ ಹಿಂತಿರುಗಿ ನೋಡಿದ. ಹಿಂದೆ ಹಾಲಿನ ಸೈಕಲ್ಲೊಂದು ಗೋಡೆಗೆ ಒರಗಿತ್ತು. ಬೇರೆ ಯಾರೂ ಇರಲಿಲ್ಲ. ಮತ್ತೆ ಈ ಕಡೆ ತಿರುಗಿದಾಗ ಸಾಸಿವೆ ಒಂದು ಕಣ್ಣು ತೆರೆದಿದ್ದಳು.

"ನಿಲ್ಬಾರದು" ಎಂದಳು, ಸಣ್ಣ ದನಿಯಲ್ಲಿ. "ಬರ್ತಾ ಇರ್ಬೇಕು."

ಅವನು ಬರುತ್ತಾ ಇದ್ದ.